ಗೆಲುವು ಯಾರ ಲೆಕ್ಕಕ್ಕೆ?



ಇಂದಿನ ಚಿಂತನೆ ಸ್ವಲ್ಪ ಉದ್ದವಿದೆ. ಬಸ್ಸಿನಲ್ಲಿ ಓದಲಾಗದಿದ್ದರೆ ರಾತ್ರಿಗೆ ಇಟ್ಟುಕೊಳ್ಳಿ.

ನಮ್ಮ ಭಾನುವಾರದ ಕೂಟಕ್ಕೆ ಅಮೆರಿಕದಿಂದ ವಿಡಿಯೋದಲ್ಲಿ ಸೇರುವ ಒಬ್ಬ ತಮ್ಮನಿದ್ದಾನೆ, ನಿಮಗೆಲ್ಲ ಗೊತ್ತು. ಅವನ ಆಫೀಸಿನಲ್ಲಿ ವರ್ಷವಿಡೀ ಒಂದೇ ಜಗಳವಂತೆ. ಅಲ್ಲಿನ ಫುಟ್‌ಬಾಲ್‌ನಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್ ಗೆದ್ದರೆ ಅದು ಅವನ ಗೆಲುವೋ, ಅವನ ಸುತ್ತ ಇದ್ದವರ ಗೆಲುವೋ? "ಅಕ್ಕಾ, ನಾವು ಓದುವ ಪಾಠದ ಪ್ರಕಾರ ಇದಕ್ಕೆ ಏನು ಉತ್ತರ?" ಎಂದು ಕೇಳಿದ. ನಾನು ಮಕ್ಕಳಿಗೆ ಕನ್ನಡ ಪಾಠ ಮಾಡುವವಳು, ಈ ಆಟ ನೋಡಿದವಳಲ್ಲ. ಎರಡು ವಾರ ರಾತ್ರಿ ಕೂತು ನೋಡಿದೆ, ಓದಿದೆ. ಪ್ರಶ್ನೆ ಆಟದ್ದಲ್ಲ ಎಂದು ಬೇಗನೆ ಗೊತ್ತಾಯಿತು.

ಮೊದಲು ಆಟ ಹೇಳಿಬಿಡುತ್ತೇನೆ. ಇದು ಕಾಲಲ್ಲಿ ಒದ್ದಾಡುವ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಒಂದೊಂದು ಕಡೆ ಹನ್ನೊಂದು ಜನ. ಚೆಂಡು ನಮ್ಮ ಬಳಿ ಇದ್ದಾಗ ಆಡುವ ಪಡೆ ಬೇರೆ, ಎದುರಾಳಿಯ ಬಳಿ ಇದ್ದಾಗ ತಡೆಯುವ ಪಡೆ ಬೇರೆ, ಒದೆಯುವ ಕೆಲಸಕ್ಕೆ ಇನ್ನೊಂದು ಪಡೆ. ಒಟ್ಟು 53 ಜನರ ತಂಡ. ಆಕ್ರಮಣದ ಪಡೆಯಲ್ಲಿ ಚೆಂಡನ್ನು ಕೈಗೆ ತೆಗೆದುಕೊಂಡು, ಎರಡು ಮೂರು ಸೆಕೆಂಡಿನಲ್ಲಿ ಯಾರಿಗೆ ಎಸೆಯಬೇಕು ಎಂದು ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್. ಎದುರಾಳಿಗಳು ಆಕ್ರಮಣ ಮಾಡುವಾಗ ಅವನು ಅಂಗಳದ ಹೊರಗೆ ಕೂತು ನೀರು ಕುಡಿಯುತ್ತಿರುತ್ತಾನೆ. ಆದರೂ ತಂಡದ ಸೋಲು ಗೆಲುವನ್ನು ಅವನ ಹೆಸರಿನ ಮುಂದೆಯೇ ಬರೆದಿಡುತ್ತಾರೆ. ಇವನು ಇಷ್ಟು ಪಂದ್ಯ ಗೆದ್ದ, ಇಷ್ಟು ಸೋತ, ಎಂದು. ಉಳಿದ 52 ಜನರಿಗೆ ಆ ಲೆಕ್ಕವಿಲ್ಲ.

ಈ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲಿರುವ ಹೆಸರು ಟಾಮ್ ಬ್ರೇಡಿ. ಏಳು ಸೂಪರ್ ಬೌಲ್, ಅಂದರೆ ಏಳು ಬಾರಿ ಲೀಗಿನ ಅಂತಿಮ ಪಂದ್ಯ ಗೆದ್ದವರು. ಆರು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದಲ್ಲಿ, ಬಿಲ್ ಬೆಲಿಚಿಕ್ ಎಂಬ ಕೋಚ್ ಕೈಕೆಳಗೆ. ಏಳನೆಯದು ಟ್ಯಾಂಪಾ ಬೇ ಬಕನೀರ್ಸ್ ತಂಡದಲ್ಲಿ, ಬೇರೆ ಕೋಚ್ ಜೊತೆ. ಆಫೀಸಿನ ಜಗಳ ಇದೇ. ಬ್ರೇಡಿಯೋ, ಬೆಲಿಚಿಕ್ಕೋ?

ಪರೀಕ್ಷೆಗೆ ಒಡ್ಡಲು ಅವರ ಬದುಕೇ ಎರಡು ಸಂದರ್ಭ ಕೊಟ್ಟಿದೆ. 2007ರಲ್ಲಿ ಪೇಟ್ರಿಯಟ್ಸ್ ಲೀಗಿನ 16 ಪಂದ್ಯಗಳನ್ನೂ ಗೆದ್ದಿತು. 2008ರ ಮೊದಲ ಪಂದ್ಯದಲ್ಲೇ ಬ್ರೇಡಿಯ ಮೊಣಕಾಲು ಮುರಿಯಿತು. ಬದಲಿಗೆ ಬಂದವರು ಮ್ಯಾಟ್ ಕ್ಯಾಸೆಲ್, ಹೈಸ್ಕೂಲಿನ ನಂತರ ಒಂದೇ ಒಂದು ಪಂದ್ಯವನ್ನೂ ಆರಂಭಿಕ ಕ್ವಾರ್ಟರ್‌ಬ್ಯಾಕ್ ಆಗಿ ಆಡದಿದ್ದವರು. ತಂಡ 11 ಪಂದ್ಯ ಗೆದ್ದಿತು. ನೋಡಿ, ಬ್ರೇಡಿ ಇಲ್ಲದೆಯೂ 11 ಎನ್ನುತ್ತದೆ ಒಂದು ಗುಂಪು. ನೋಡಿ, 16 ಇದ್ದದ್ದು 11ಕ್ಕೆ ಇಳಿಯಿತು ಎನ್ನುತ್ತದೆ ಇನ್ನೊಂದು.

2020ರಲ್ಲಿ ಬ್ರೇಡಿ ಟ್ಯಾಂಪಾಕ್ಕೆ ಹೋದರು. ಹಿಂದಿನ ವರ್ಷ 7 ಗೆದ್ದು 9 ಸೋತಿದ್ದ ತಂಡ ಚಾಂಪಿಯನ್ ಆಯಿತು. ಅದೇ ವರ್ಷ ಪೇಟ್ರಿಯಟ್ಸ್ 7 ಗೆದ್ದು 9 ಸೋತಿತು. ಇದಕ್ಕಿಂತ ಸಾಕ್ಷಿ ಬೇಕೇ ಎಂದು ಬ್ರೇಡಿ ಪಕ್ಷದವರು ಎದ್ದು ನಿಲ್ಲುತ್ತಾರೆ. ಆದರೆ 2021ರ ಫೆಬ್ರವರಿಯ ಆ ಅಂತಿಮ ಪಂದ್ಯ ನೋಡಿ. ಟ್ಯಾಂಪಾ 31, ಕ್ಯಾನ್ಸಸ್ ಸಿಟಿ 9. ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಸಾಮಾನ್ಯನಲ್ಲ. ಅವನ ಎಡಬಲ ಕಾಯುವ ಇಬ್ಬರು ಖಾಯಂ ಆಟಗಾರರೂ ಗಾಯದಿಂದ ಹೊರಗಿದ್ದರು. ಇಡೀ ಪಂದ್ಯದಲ್ಲಿ ಅವನು ಎಸೆದದ್ದಕ್ಕಿಂತ ಪ್ರಾಣ ಉಳಿಸಿಕೊಳ್ಳಲು ಹಿಂದಕ್ಕೆ ಓಡಿದ್ದೇ ಕಣ್ಣಿಗೆ ಕಟ್ಟುತ್ತದೆ. ಅವನ ತಂಡ ಒಂದೂ ಟಚ್‌ಡೌನ್ ಮಾಡದಂತೆ ತಡೆದದ್ದು ಟ್ಯಾಂಪಾದ ರಕ್ಷಣಾ ಪಡೆ. ಆಗ ಬ್ರೇಡಿ ಬೆಂಚಿನ ಮೇಲಿದ್ದರು.

ಇನ್ನೂ ಸ್ಪಷ್ಟವಾದ ಜೋಡಿ ಒಂದಿದೆ. 2018ರ ಸೂಪರ್ ಬೌಲ್‌ನಲ್ಲಿ ಬ್ರೇಡಿ 505 ಗಜ ಎಸೆದರು, ಮೂರು ಟಚ್‌ಡೌನ್ ಕೊಟ್ಟರು, ತಂಡ 41-33ರಿಂದ ಸೋತಿತು. ಮರುವರ್ಷ 2019ರಲ್ಲಿ ಅವರ ಕೈಯಿಂದ ಒಂದೂ ಟಚ್‌ಡೌನ್ ಬರಲಿಲ್ಲ. ತಂಡ 13-3ರಿಂದ ಗೆದ್ದಿತು. ಮೊದಲನೆಯದು ಅವರ ಖಾತೆಯಲ್ಲಿ ಸೋಲು, ಎರಡನೆಯದು ಗೆಲುವು. ಒಬ್ಬ ಹುಡುಗ ಚೆನ್ನಾಗಿ ಬರೆದ ಪರೀಕ್ಷೆಯಲ್ಲಿ ಫೇಲು, ಸುಮಾರಾಗಿ ಬರೆದ ಪರೀಕ್ಷೆಯಲ್ಲಿ ಪಾಸಾದರೆ ನಾವು ಪ್ರಶ್ನೆಪತ್ರಿಕೆಯನ್ನು ನೋಡುವುದಿಲ್ಲವೇ?

2015ರ ಸೂಪರ್ ಬೌಲ್ ನನಗೆ ಇವೆಲ್ಲಕ್ಕಿಂತ ಇಷ್ಟವಾಯಿತು. ಕೊನೆಯ ಅರ್ಧ ನಿಮಿಷ. ಪೇಟ್ರಿಯಟ್ಸ್ ನಾಲ್ಕು ಅಂಕ ಮುಂದೆ. ಸಿಯಾಟಲ್ ತಂಡ ಗೆರೆಯಿಂದ ಒಂದೇ ಗಜ ದೂರದಲ್ಲಿ. ಒಂದು ಹೆಜ್ಜೆ ಇಟ್ಟರೆ ಪಂದ್ಯ ಅವರದು. ಬ್ರೇಡಿ ಅಂಗಳದ ಹೊರಗೆ ನಿಂತು ನೋಡುತ್ತಿದ್ದಾರೆ. ಆಗ ಮಾಲ್ಕಮ್ ಬಟ್ಲರ್ ಎಂಬ ಹೊಸ ಹುಡುಗ ನಡುವೆ ನುಗ್ಗಿ ಚೆಂಡು ಕಸಿದುಕೊಂಡ. ಹೊಸಬರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್ ಎಂಬ ಪದ್ಧತಿ ಅಲ್ಲಿದೆ. ಆ ಡ್ರಾಫ್ಟ್‌ನಲ್ಲಿ ಯಾರೂ ಆರಿಸಿಕೊಳ್ಳದ ಹುಡುಗ ಅವನು. ಪಂದ್ಯಶ್ರೇಷ್ಠ ಪ್ರಶಸ್ತಿ ಬ್ರೇಡಿಗೆ ಹೋಯಿತು. ಅದರೊಂದಿಗೆ ಬರಬೇಕಾದ ಟ್ರಕ್ಕನ್ನು ಅವರು ಬಟ್ಲರ್‌ಗೆ ಕೊಡಿಸಿದರು. ಲೆಕ್ಕ ಬರೆಯುವವರಿಗಿಂತ ಲೆಕ್ಕದ ಮೇಲಿರುವವರಿಗೇ ಲೆಕ್ಕ ಚೆನ್ನಾಗಿ ಗೊತ್ತಿತ್ತು ಅನ್ನಿಸಿತು.

ಬ್ರೇಡಿಯನ್ನು ಬಿಟ್ಟು ಎರಡು ಹೆಸರು ಬೇಗ ಹೇಳಿ ಮುಂದೆ ಹೋಗುತ್ತೇನೆ. ಡ್ಯಾನ್ ಮರೀನೋ 1984ರಲ್ಲಿ 5,084 ಗಜ ಎಸೆದು 48 ಟಚ್‌ಡೌನ್ ಕೊಟ್ಟರು, ಆ ಕಾಲಕ್ಕೆ ಕೇಳರಿಯದ ಸಂಖ್ಯೆ. 17 ವರ್ಷ ಆಡಿದರು. ಒಂದು ಸೂಪರ್ ಬೌಲ್ ಕೂಡ ಗೆಲ್ಲಲಿಲ್ಲ. ಟ್ರೆಂಟ್ ಡಿಲ್ಫರ್ ಗೆದ್ದರು. ಅವರ ಬಾಲ್ಟಿಮೋರ್ ತಂಡ 2000ದ ಸೀಸನ್‌ನಲ್ಲಿ ಸತತ ಐದು ಪಂದ್ಯಗಳಲ್ಲಿ ಒಂದೂ ಆಕ್ರಮಣದ ಟಚ್‌ಡೌನ್ ಮಾಡಿರಲಿಲ್ಲ. ಆದರೆ ರಕ್ಷಣಾ ಪಡೆ 16 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 165 ಅಂಕ ಮಾತ್ರ. ಕಪ್ಪು ಗೆದ್ದ ಮೇಲೆ ಡಿಲ್ಫರ್ ಅವರನ್ನು ತಂಡದವರೇ ಉಳಿಸಿಕೊಳ್ಳಲಿಲ್ಲ. ಗೆಲುವೇ ಅಳತೆಗೋಲು ಎಂದು ಭಾಷಣ ಮಾಡುವವರೂ ದುಡ್ಡು ಕೊಡುವಾಗ ಬೇರೆ ಅಳತೆಗೋಲು ತೆಗೆಯುತ್ತಾರೆ.

ಈಗ ಯಾರೂ ನೋಡದ ಕಡೆ ನೋಡೋಣ. ಕ್ವಾರ್ಟರ್‌ಬ್ಯಾಕ್ ಮುಂದೆ ಐದು ಜನ ದಪ್ಪ ಆಳುಗಳು ಬಗ್ಗಿ ನಿಂತಿರುತ್ತಾರೆ, ಲೈನ್‌ಮನ್‌ಗಳು. ನಿಯಮದ ಪ್ರಕಾರ ಸಾಮಾನ್ಯವಾಗಿ ಇವರಿಗೆ ಚೆಂಡು ಎಸೆಯುವಂತೆಯೇ ಇಲ್ಲ. ಮೈಮೇಲೆ ಬೀಳುವ ಎದುರಾಳಿಗಳನ್ನು ತಮ್ಮ ಎದೆಯಿಂದ ತಡೆಯುವುದೇ ಇವರ ಕೆಲಸ. ಕ್ವಾರ್ಟರ್‌ಬ್ಯಾಕ್‌ಗೆ ಸಿಗುವ ಆ ಮೂರು ಸೆಕೆಂಡು ಇವರು ಕೊಟ್ಟದ್ದು. ಬಹುಕಾಲ ಇವರ ಕೆಲಸಕ್ಕೆ ಅಂಕಿಅಂಶದ ಪಟ್ಟಿಯಲ್ಲಿ ಒಂದು ಕಾಲಮ್ಮೂ ಇರಲಿಲ್ಲ. ಕೆಲಸ ಸರಿಯಾಗಿ ಮಾಡಿದರೆ ಇವರು ಇದ್ದಾರೆಂದೇ ಗೊತ್ತಾಗುವುದಿಲ್ಲ. ತಪ್ಪು ಮಾಡಿದಾಗ ಮಾತ್ರ ರೆಫರಿ ಮೈಕ್ ಹಿಡಿದು ಇಡೀ ಸ್ಟೇಡಿಯಂಗೆ ಕೇಳುವಂತೆ ಅಂಗಿಯ ನಂಬರ್ ಕೂಗುತ್ತಾನೆ. ಊರು ಸ್ವಚ್ಛವಾಗಿದ್ದಾಗ ಗುಡಿಸಿದವರ ಹೆಸರು ಕೇಳದೆ, ಒಂದು ದಿನ ಕಸ ಉಳಿದಾಗ ಮಾತ್ರ ಅವರನ್ನು ಹುಡುಕುವುದನ್ನು ಕಂಡವರು ನಾವು. ಹೆಚ್ಚು ವಿವರಿಸಬೇಕಿಲ್ಲ.

ಇಲ್ಲಿಗೆ ಬಂದಾಗ ನಮ್ಮ ಕೂಟದ ಹಿರಿಯರೊಬ್ಬರು ಮಿಲಿಂದ ರಾಜನ ರಥವನ್ನು ನೆನಪಿಸಿದರು. ಗಾಲಿ ರಥವೇ? ಅಚ್ಚು ರಥವೇ? ನೊಗ ರಥವೇ? ಅಲ್ಲ. ಇವೆಲ್ಲ ಬಿಟ್ಟು ರಥ ಬೇರೆಲ್ಲಾದರೂ ಇದೆಯೇ? ಇಲ್ಲ. ಹಾಗೆಯೇ ಕ್ವಾರ್ಟರ್‌ಬ್ಯಾಕ್‌ನ ಗೆಲುವು ಎಂಬುದೂ ಒಂದು ಹೆಸರು ಮಾತ್ರ, ಕಾರಣಗಳ ಕೂಟಕ್ಕೆ ಇಟ್ಟ ಹೆಸರು. ಅಲ್ಲಿಗೆ ಪ್ರಶ್ನೆ ಮುಗಿಯಿತು ಎಂದರು ಅವರು.

ನನಗೆ ಮುಗಿಯಿತು ಅನ್ನಿಸಲಿಲ್ಲ. ನಾಗಸೇನರು ರಥ ಹತ್ತಬೇಡ ಎನ್ನಲಿಲ್ಲ. ಅಚ್ಚು ಮುರಿದರೆ ಅದು ಅಚ್ಚು ಮುರಿದದ್ದೇ, ಗಾಲಿ ಮುರಿದದ್ದಲ್ಲ. ಎಲ್ಲವೂ ಒಂದಕ್ಕೊಂದು ಆತುಕೊಂಡಿದೆ ಎನ್ನುವುದು ಯಾರ ಪಾತ್ರ ಎಷ್ಟು ಎಂದು ಕೇಳಬಾರದು ಎನ್ನುವುದಕ್ಕೆ ನೆಪವಾಗಬಾರದು. ಇನ್ನೊಂದು, ಇದು ನನ್ನ ಮುಖ್ಯ ಮಾತು. 'ಯಾರೂ ಒಬ್ಬರೇ ಗೆಲ್ಲುವುದಿಲ್ಲ' ಎಂಬ ಸತ್ಯವನ್ನು ಜನ ಎಲ್ಲರ ಮೇಲೂ ಒಂದೇ ಸಮನಾಗಿ ಬಳಸುವುದಿಲ್ಲ. ಅದನ್ನು ಯಾರ ಮೇಲೆ ಬಳಸುತ್ತಾರೆ ಎಂದು ನೋಡಿದರೆ ಪ್ರಶ್ನೆಯ ಇನ್ನೊಂದು ಮುಖ ಕಾಣುತ್ತದೆ.

ಅಮೆರಿಕದಲ್ಲಿ ಬಹಳ ವರ್ಷ ಕರಿಯ ಹುಡುಗರು ಕ್ವಾರ್ಟರ್‌ಬ್ಯಾಕ್ ಆಗುವಂತಿರಲಿಲ್ಲ. ನಿಯಮವೇನೂ ಬರೆದಿರಲಿಲ್ಲ. ಇದು 'ತಲೆ ಓಡಿಸುವ' ಜಾಗ, ಮುಂದಾಳತ್ವದ ಜಾಗ, ಎಂದು ಕೋಚ್‌ಗಳು ನಂಬಿದ್ದರು, ಅಷ್ಟೆ. ಕಾಲೇಜಿನಲ್ಲಿ ಎಷ್ಟೇ ಚೆನ್ನಾಗಿ ಎಸೆದರೂ ವೃತ್ತಿ ಲೀಗಿಗೆ ಬಂದಾಗ ನಿನ್ನ ಕಾಲು ಚುರುಕಾಗಿದೆ, ಓಡುವ ಜಾಗಕ್ಕೆ ಹೋಗು ಎನ್ನುತ್ತಿದ್ದರು. ಮೈ ನಿಮ್ಮದು, ಬುದ್ಧಿ ನಮ್ಮದು. ಯಾವ ದೇಶದ ಮಾತು ಇದು ಎಂದು ಒಂದು ಕ್ಷಣ ಗೊಂದಲವಾಗುತ್ತದೆ, ಅಲ್ಲವೇ?

1968ರಲ್ಲಿ ಡೆನ್ವರ್ ತಂಡದ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಾಗ ಮಾರ್ಲಿನ್ ಬ್ರಿಸ್ಕೋ ಎಂಬ ಹೊಸಬನಿಗೆ ಅವಕಾಶ ಸಿಕ್ಕಿತು. 14 ಟಚ್‌ಡೌನ್ ಎಸೆದ. ಮುಂದಿನ ವರ್ಷ ಆ ಜಾಗ ಅವನಿಗಿರಲಿಲ್ಲ. ಬಫಲೋ ತಂಡಕ್ಕೆ ಹೋಗಿ ಚೆಂಡು ಹಿಡಿಯುವವನಾದ. ವಾರೆನ್ ಮೂನ್ 1978ರ ಜನವರಿಯಲ್ಲಿ ರೋಸ್ ಬೌಲ್ ಎಂಬ ದೊಡ್ಡ ಕಾಲೇಜು ಪಂದ್ಯದ ಶ್ರೇಷ್ಠ ಆಟಗಾರ. ಆ ವರ್ಷದ ಡ್ರಾಫ್ಟ್‌ನ 12 ಸುತ್ತುಗಳಲ್ಲಿ ಯಾವ ತಂಡವೂ ಅವರನ್ನು ಆರಿಸಲಿಲ್ಲ. ಕೆನಡಾಕ್ಕೆ ಹೋಗಿ ಎಡ್ಮಂಟನ್ ತಂಡದ ಜೊತೆ ಸತತ ಐದು ಬಾರಿ ಅಲ್ಲಿನ ಗ್ರೇ ಕಪ್ ಗೆದ್ದರು. ಆಮೇಲೆ ಅಮೆರಿಕ ಕರೆಯಿತು.

ಇದರ ಪಕ್ಕದಲ್ಲಿ ಬ್ರೇಡಿಯ ಕಥೆ ಇಡಿ. 2000ದ ಡ್ರಾಫ್ಟ್‌ನಲ್ಲಿ ಅವರನ್ನು ಆರಿಸಿದ್ದು 199ನೆಯವರಾಗಿ. ಕಡೆಗಣಿಸಲ್ಪಟ್ಟವನ ಛಲ ಎಂದು ಅಮೆರಿಕದ ಮಕ್ಕಳಿಗೆಲ್ಲ ಹೇಳುವ ಕಥೆ ಅದು. ಛಲ ಸುಳ್ಳಲ್ಲ. ಆದರೆ ಆ ವರ್ಷ ಪೇಟ್ರಿಯಟ್ಸ್ ತಂಡ ರೂಢಿಗೆ ಮೀರಿ ನಾಲ್ಕು ಕ್ವಾರ್ಟರ್‌ಬ್ಯಾಕ್‌ಗಳನ್ನು ಇಟ್ಟುಕೊಂಡಿತು, ನಾಲ್ಕನೆಯವರು ಬ್ರೇಡಿ. ಇಡೀ ವರ್ಷದಲ್ಲಿ ಅವರು ಎಸೆದದ್ದು ಮೂರೇ ಬಾರಿ. ಕಾಯಲು, ಕಲಿಯಲು, ಮೈ ಬೆಳೆಸಲು ಸಂಬಳ ಕೊಟ್ಟು ಒಂದು ವರ್ಷ ಬಿಟ್ಟರು. 2001ರಲ್ಲಿ ಮುಖ್ಯ ಆಟಗಾರ ಗಾಯಗೊಂಡಾಗ ಅವರು ಸಿದ್ಧರಿದ್ದರು. 199 ಎಂಬುದೂ ಒಂದು ಸಂಖ್ಯೆ. ಮೂನ್ ಅವರಿಗೆ ಸಂಖ್ಯೆಯೇ ಇರಲಿಲ್ಲ.

ಈಗ ಡಗ್ ವಿಲಿಯಮ್ಸ್. ಈ ಎರಡು ವಾರದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಇವರೇ.

ಲೂಸಿಯಾನದವರು. ಕರಿಯರಿಗಾಗಿ ಕಟ್ಟಿದ ಗ್ರಾಂಬ್ಲಿಂಗ್ ಎಂಬ ವಿಶ್ವವಿದ್ಯಾಲಯದಲ್ಲಿ ಓದಿದವರು. 1978ರಲ್ಲಿ ಟ್ಯಾಂಪಾ ಬೇ ಅವರನ್ನು ಮೊದಲ ಸುತ್ತಿನಲ್ಲೇ ಆರಿಸಿತು. ಹೌದು, ಬ್ರೇಡಿ ಮುಂದೆ ಗೆದ್ದ ಅದೇ ಟ್ಯಾಂಪಾ. ಆ ತಂಡ ಹುಟ್ಟಿದಾಗಿನಿಂದ ಸತತ 26 ಪಂದ್ಯ ಸೋತು ದೇಶದ ನಗೆಪಾಟಲಾಗಿತ್ತು. ವಿಲಿಯಮ್ಸ್ ಬಂದ ಎರಡನೇ ವರ್ಷ ಅದು ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಕೆಳಗಿತ್ತು. ಅವರಿದ್ದ ಐದು ವರ್ಷದಲ್ಲಿ ಮೂರು ಸಲ ಪ್ಲೇಆಫ್ ತಲುಪಿತು. ಅವರ ಸಂಬಳ 1,20,000 ಡಾಲರ್, ಬೇರೆ ತಂಡಗಳಲ್ಲಿ ಬೆಂಚು ಕಾಯುವ ಎಷ್ಟೋ ಕ್ವಾರ್ಟರ್‌ಬ್ಯಾಕ್‌ಗಳಿಗಿಂತ ಕಡಿಮೆ. ಹೆಚ್ಚು ಕೇಳಿದರು. ಮಾಲೀಕರು ಕೇಳಿದಷ್ಟು ಕೊಡಲಿಲ್ಲ. ಬಿಟ್ಟು ಹೋದರು. 1983ರಲ್ಲಿ ಟ್ಯಾಂಪಾ 2 ಗೆದ್ದು 14 ಸೋತಿತು. ಮತ್ತೆ ಪ್ಲೇಆಫ್ ಕಂಡದ್ದು 1997ರಲ್ಲಿ.

ಬ್ರೇಡಿ ಹೋದ ಮೇಲೆ ಪೇಟ್ರಿಯಟ್ಸ್ ಕುಸಿದದ್ದು ಬ್ರೇಡಿಯ ದೊಡ್ಡಸ್ತಿಕೆಗೆ ಸಾಕ್ಷಿಯಾದರೆ, ವಿಲಿಯಮ್ಸ್ ಹೋದ ಮೇಲೆ ಟ್ಯಾಂಪಾ ಕುಸಿದದ್ದು ಯಾವುದಕ್ಕೆ ಸಾಕ್ಷಿ? ನ್ಯಾಯವಾಗಿ ಹೇಳಬೇಕೆಂದರೆ ಆಗಿನ ಟ್ಯಾಂಪಾದ ರಕ್ಷಣಾ ಪಡೆ ಬಹಳ ಗಟ್ಟಿಯಾಗಿತ್ತು. ಆ ಗೆಲುವುಗಳಲ್ಲಿ ಅವರ ಪಾಲು ದೊಡ್ಡದು. ಸರಿ, ಆ ಮಾತು ಬ್ರೇಡಿಗೂ ಅನ್ವಯವಾಗಲಿ.

1987ರಲ್ಲಿ ವಿಲಿಯಮ್ಸ್ ವಾಷಿಂಗ್ಟನ್ ತಂಡದಲ್ಲಿದ್ದರು. (ಆ ತಂಡದ ಆಗಿನ ಹೆಸರು ಅಲ್ಲಿನ ಮೂಲನಿವಾಸಿಗಳ ಚರ್ಮದ ಬಣ್ಣವನ್ನು ಹೀಯಾಳಿಸುವಂಥದ್ದು. 2020ರಲ್ಲಿ ಕೈಬಿಟ್ಟರು. ನಾನೂ ಬರೆಯುವುದಿಲ್ಲ.) ಲೀಗಿನಲ್ಲಿ ಕರಿಯ ಆಟಗಾರರನ್ನು ಎಲ್ಲರಿಗಿಂತ ಕೊನೆಗೆ, 1962ರಲ್ಲಿ, ಅದೂ ಸರ್ಕಾರದ ಒತ್ತಡಕ್ಕೆ ಮಣಿದು ಸೇರಿಸಿಕೊಂಡ ತಂಡ ಅದು. ಕೋಚ್ ಜೋ ಗಿಬ್ಸ್. ಹಿಂದೆ ಟ್ಯಾಂಪಾದಲ್ಲಿ ಸಹಾಯಕ ಕೋಚ್ ಆಗಿದ್ದಾಗ ವಿಲಿಯಮ್ಸ್ ಅವರನ್ನು ಕಂಡವರು. ಆ ಸೀಸನ್‌ನ ಬಹುಭಾಗ ವಿಲಿಯಮ್ಸ್ ಬದಲಿ ಆಟಗಾರ. ಕೊನೆಯ ಹಂತಕ್ಕೆ ಗಿಬ್ಸ್ ಅವರನ್ನೇ ಆರಿಸಿದರು.

1988ರ ಜನವರಿ 31. ಸೂಪರ್ ಬೌಲ್‌ನಲ್ಲಿ ಕರಿಯ ಕ್ವಾರ್ಟರ್‌ಬ್ಯಾಕ್ ಒಬ್ಬರು ಪಂದ್ಯ ಆರಂಭಿಸಿದ್ದು ಅದೇ ಮೊದಲು. ಹಿಂದಿನ ದಿನ ಅವರಿಗೆ ಹಲ್ಲಿನ ರೂಟ್ ಕೆನಾಲ್ ಆಗಿತ್ತು. ಮೊದಲ ಕಾಲುಭಾಗದಲ್ಲಿ ತಂಡ 10-0ರಿಂದ ಹಿಂದೆ. ಅಷ್ಟರಲ್ಲಿ ಮೊಣಕಾಲು ಹಿಂದಕ್ಕೆ ಬಾಗಿ ಬಿದ್ದರು, ಹೊರಗೆ ಹೋದರು, ಮತ್ತೆ ಬಂದರು. ಎರಡನೇ ಕಾಲುಭಾಗದಲ್ಲಿ ನಾಲ್ಕು ಟಚ್‌ಡೌನ್ ಎಸೆದರು. 80 ಗಜ, 27 ಗಜ, 50 ಗಜ, 8 ಗಜ. ತಂಡ ಆ ಹದಿನೈದು ನಿಮಿಷದ ಆಟದಲ್ಲಿ 35 ಅಂಕ ಗಳಿಸಿತು. ಕೊನೆಗೆ 42-10. ಪಂದ್ಯಶ್ರೇಷ್ಠ ಪ್ರಶಸ್ತಿ ವಿಲಿಯಮ್ಸ್ ಅವರಿಗೆ.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ಭಾಷಣವಾಗುತ್ತದೆ. ಏಪ್ರಿಲ್ 14ಕ್ಕೆ ಯಾರಾದರೂ ಮಾಡಲೂಬಹುದು. ಆದರೆ ಬ್ರೇಡಿಗೆ ಕೇಳಿದ ಪ್ರಶ್ನೆಯನ್ನು ವಿಲಿಯಮ್ಸ್ ಅವರಿಗೂ ಕೇಳಬೇಕು. ಅವರ ಸುತ್ತ ಯಾರಿದ್ದರು?

ಟಿಮ್ಮಿ ಸ್ಮಿತ್ ಇದ್ದ. ಲೀಗಿನ ಪಂದ್ಯಗಳಲ್ಲಿ ಆ ವರ್ಷವಿಡೀ 126 ಗಜ ಓಡಿದ್ದ ಹೊಸಬ, ಅಂದು ಒಂದೇ ದಿನ 204 ಗಜ ಓಡಿ ಸೂಪರ್ ಬೌಲ್ ದಾಖಲೆ ಬರೆದ. 193 ಗಜದಷ್ಟು ಚೆಂಡು ಹಿಡಿದ ರಿಕಿ ಸ್ಯಾಂಡರ್ಸ್ ಇದ್ದರು. ಮೊದಲ ಕಾಲುಭಾಗದ ನಂತರ ಒಂದು ಅಂಕವನ್ನೂ ಬಿಟ್ಟುಕೊಡದ ರಕ್ಷಣಾ ಪಡೆ ಇತ್ತು. ಎಲ್ಲಕ್ಕಿಂತ ಮುಂದೆ ಆ ಐವರ ಸಾಲು ಇತ್ತು. ಕೋಚ್ ಪ್ರೀತಿಯಿಂದ ಅವರನ್ನು 'ಹಂದಿಗಳು' ಎಂದು ಕರೆದಿದ್ದರು, ಅವರು ಆ ಹೆಸರನ್ನೇ ಬಾವುಟ ಮಾಡಿಕೊಂಡರು. ಅವರಲ್ಲಿ ಜೋ ಜೇಕಬಿ ಮತ್ತು ಜೆಫ್ ಬಾಸ್ಟಿಕ್ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿದ್ದವರು.

ಕೋಚ್ ಗಿಬ್ಸ್ ಮೂರು ಸೂಪರ್ ಬೌಲ್ ಗೆದ್ದರು, ಮೂರೂ ಬೇರೆ ಬೇರೆ ಕ್ವಾರ್ಟರ್‌ಬ್ಯಾಕ್ ಜೊತೆ. 1983ರಲ್ಲಿ ಜೋ ಥೈಸ್‌ಮನ್, 1988ರಲ್ಲಿ ವಿಲಿಯಮ್ಸ್, 1992ರಲ್ಲಿ ಮಾರ್ಕ್ ರಿಪಿಯನ್. ಕ್ವಾರ್ಟರ್‌ಬ್ಯಾಕ್ ಬದಲಾದರೂ ಆ 'ಹಂದಿಗಳ' ಸಾಲಿನ ಹಳೆಯ ಆಳುಗಳು ಮೂರೂ ತಂಡಗಳಲ್ಲಿದ್ದರು. ಹಾಗಾದರೆ ವಿಲಿಯಮ್ಸ್ ಗೆದ್ದದ್ದು ಪದ್ಧತಿಯ ಬಲದಿಂದ ಎನ್ನಬಹುದು. ಖಂಡಿತ ಅನ್ನಿ. ಆದರೆ ಅದೇ ಉಸಿರಿನಲ್ಲಿ ಥೈಸ್‌ಮನ್ ಮತ್ತು ರಿಪಿಯನ್ ಅವರ ಬಗ್ಗೆಯೂ ಅನ್ನಿ. ಒಬ್ಬರ ಗೆಲುವನ್ನು 'ಪ್ರತಿಭೆ' ಎಂದೂ, ಇನ್ನೊಬ್ಬರ ಗೆಲುವನ್ನು 'ಸಿಕ್ಕ ಅವಕಾಶ' ಎಂದೂ ಬರೆಯುವ ಎರಡು ಪುಸ್ತಕ ಇಟ್ಟುಕೊಂಡವರೊಂದಿಗೆ ಮಾತ್ರ ನನ್ನ ಜಗಳ. ಸೋಲಿನಲ್ಲಿ ಪುಸ್ತಕಗಳು ಅದಲುಬದಲಾಗುತ್ತವೆ. ಆಗ ಮೊದಲನೆಯವನಿಗೆ 'ತಂಡ ಕೈಕೊಟ್ಟಿತು', ಎರಡನೆಯವನಿಗೆ 'ಯೋಗ್ಯತೆ ಇರಲಿಲ್ಲ'.

ಈ ಎರಡು ಪುಸ್ತಕ ನಮ್ಮಲ್ಲೂ ಇವೆ. ಹತ್ತನೇ ತರಗತಿ ಫಲಿತಾಂಶ ಬಂದಾಗ ಶಾಲೆಯ ಸ್ಟಾಫ್‌ರೂಮುಗಳಲ್ಲಿ ಕೂತು ಕೇಳಿದರೆ ಸಾಕು. ಅಪ್ಪ ಇಂಜಿನಿಯರು, ಅಮ್ಮ ಲೆಕ್ಚರರು, ಮೂರು ಟ್ಯೂಷನ್, ಮನೆಯಲ್ಲಿ ಪ್ರತ್ಯೇಕ ಕೋಣೆ ಇರುವ ಮಗು 95 ತೆಗೆದರೆ 'ಮೆರಿಟ್'. ಹೆಬ್ಬೆಟ್ಟಿನ ಮನೆಯಿಂದ ಬಂದ ಮಗು 80 ತೆಗೆದು ಸೀಟು ಪಡೆದರೆ 'ಸೌಲಭ್ಯ'. ಮೊದಲ ಮಗುವಿನ ಮುಂದೆ ನಿಂತ ಐವರು ಲೈನ್‌ಮನ್‌ಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡನೇ ಮಗುವಿಗೆ ಸಿಕ್ಕ ಒಂದೇ ಊರುಗೋಲು ಎಲ್ಲರಿಗೂ ಕಾಣುತ್ತದೆ.

ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಇದನ್ನು ಬಿಡಿಸಿಟ್ಟಿದ್ದಾರೆ. ಮನುಷ್ಯನ ಸಾಮರ್ಥ್ಯಕ್ಕೆ ಮೂರು ಮೂಲ ಎನ್ನುತ್ತಾರೆ. ಹುಟ್ಟಿನಿಂದ ಬಂದ ಮೈ, ಸಮಾಜದಿಂದ ಬಂದ ಆಸ್ತಿ (ತಂದೆತಾಯಿಯ ಆರೈಕೆ, ಶಿಕ್ಷಣ, ಕೂಡಿಟ್ಟ ಜ್ಞಾನ), ಮತ್ತು ಸ್ವಂತ ಪ್ರಯತ್ನ. ಮೂರರಲ್ಲೂ ಜನ ಸಮಾನರಲ್ಲ ಎಂದು ಅವರೇ ಒಪ್ಪುತ್ತಾರೆ. ಪ್ರಯತ್ನದಲ್ಲಿ ವ್ಯತ್ಯಾಸವಿದ್ದರೆ ಆ ಮಟ್ಟಿಗೆ ಬೇರೆಯಾಗಿ ಕಾಣುವುದನ್ನು ಒಪ್ಪಬಹುದು. ಮೊದಲ ಎರಡನ್ನೂ ಸೇರಿಸಿ ಓಟ ನಡೆಸಿದರೆ ಆಯ್ಕೆಯಾಗುವವರು ಸಮರ್ಥರಲ್ಲ, ಅನುಕೂಲಸ್ಥರು. ಇದು ಅವರ ವಾದದ ಸಾರ.

ಈ ಮೂರನ್ನು ಮ್ಯಾನಿಂಗ್ ಕುಟುಂಬದ ಮೇಲೆ ಇಟ್ಟು ನೋಡಿ. ತಂದೆ ಆರ್ಚಿ ಮ್ಯಾನಿಂಗ್ 1971ರ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಆಯ್ಕೆಯಾದ ಕ್ವಾರ್ಟರ್‌ಬ್ಯಾಕ್. ಅವರ ನ್ಯೂ ಆರ್ಲಿಯನ್ಸ್ ತಂಡ ಎಷ್ಟು ದುರ್ಬಲವೆಂದರೆ ಅವರಿದ್ದ ಯಾವ ವರ್ಷವೂ ಸೋಲಿಗಿಂತ ಗೆಲುವು ಹೆಚ್ಚಾಗಲಿಲ್ಲ. ವೃತ್ತಿಯ ಒಟ್ಟು ಲೆಕ್ಕ 35 ಗೆಲುವು, 101 ಸೋಲು, 3 ಸಮ. ಮಕ್ಕಳು ಪೇಟನ್ ಮತ್ತು ಈಲೈ ಇಬ್ಬರೂ ಡ್ರಾಫ್ಟ್‌ನಲ್ಲಿ ಮೊದಲಿಗರು, ಇಬ್ಬರೂ ಎರಡೆರಡು ಸೂಪರ್ ಬೌಲ್ ಗೆದ್ದರು. ತಂದೆಯ ಮೈ ಬಂತು, ತಂದೆಯ ವಿದ್ಯೆ ಊಟದ ಜೊತೆ ಬಂತು, ಮೇಲೆ ದುಡಿದರು. ಪೇಟನ್ ದುಡಿಮೆ ದಂತಕಥೆ, ಅದನ್ನು ಅಲ್ಲಗಳೆಯುವುದಿಲ್ಲ. ಅದೇ ಪೇಟನ್ 2015ರ ಸೀಸನ್‌ನಲ್ಲಿ 9 ಟಚ್‌ಡೌನ್ ಕೊಟ್ಟು 17 ಬಾರಿ ಚೆಂಡನ್ನು ಎದುರಾಳಿಯ ಕೈಗೆ ಎಸೆದರು, ನಡುವೆ ಬೆಂಚಿಗೂ ಹೋದರು. ಆದರೂ ಆ ವರ್ಷದ ಸೂಪರ್ ಬೌಲ್ ಗೆಲುವು ಅವರ ಖಾತೆಗೆ ಜಮೆಯಾಗಿದೆ. ಗೆಲ್ಲಿಸಿದ್ದು ಡೆನ್ವರ್‌ನ ರಕ್ಷಣಾ ಪಡೆ.

ಹಾಗಾದರೆ ಕ್ವಾರ್ಟರ್‌ಬ್ಯಾಕ್‌ನನ್ನು ಅಳೆಯುವುದು ಯಾವುದರಿಂದ? ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪಲೇಬೇಕೆಂದಿಲ್ಲ. ಅವನ ಕೈಯಲ್ಲಿ ಇದ್ದದ್ದರಿಂದ. ಮೂರು ಸೆಕೆಂಡು ಸಿಕ್ಕಾಗ ಆ ಮೂರು ಸೆಕೆಂಡಿನಲ್ಲಿ ಏನು ಮಾಡಿದ? ಒಂದೇ ಸೆಕೆಂಡು ಸಿಕ್ಕಾಗ ಏನು ಮಾಡಿದ? ಬಿದ್ದ ಮೇಲೆ ಎದ್ದು ಬಂದು ಮುಂದಿನ ಎಸೆತ ಹೇಗೆ ಎಸೆದ? ಈ ಅಳತೆಯಲ್ಲಿ ಮರೀನೋ ದೊಡ್ಡವರು, ಕಪ್ ಇಲ್ಲದೆಯೂ. ಬ್ರೇಡಿ ದೊಡ್ಡವರು, 2018ರ ಸೋಲಿನಲ್ಲೂ. ನೋವಿನ ಕಾಲಲ್ಲಿ ಮರಳಿ ಬಂದು 80 ಗಜ ಎಸೆದ ವಿಲಿಯಮ್ಸ್ ದೊಡ್ಡವರು. ಅದು 'ಹಂದಿಗಳ' ಪಾಲನ್ನು ಒಂದಿಂಚೂ ಕಡಿಮೆ ಮಾಡುವುದಿಲ್ಲ.

2023ರ ಸೂಪರ್ ಬೌಲ್‌ನಲ್ಲಿ ಎರಡೂ ಕಡೆ ಕರಿಯ ಕ್ವಾರ್ಟರ್‌ಬ್ಯಾಕ್‌ಗಳು, ಪ್ಯಾಟ್ರಿಕ್ ಮಹೋಮ್ಸ್ ಮತ್ತು ಜೇಲನ್ ಹರ್ಟ್ಸ್. ಅದೂ ಮೊದಲ ಸಲ. ಮಹೋಮ್ಸ್ ತಂಡ 38-35ರಿಂದ ಗೆದ್ದಿತು. ಅಲ್ಲಿಗೆ ಬರಲು ವಿಲಿಯಮ್ಸ್ ನಂತರ 35 ವರ್ಷ ಬೇಕಾಯಿತು. ಈ 35 ವರ್ಷ ಯಾವ ಆಟಗಾರನ ಅಂಕಿಅಂಶದಲ್ಲೂ ಇಲ್ಲ.

ಕೊನೆಗೆ ಒಂದು ಪ್ರಕರಣವನ್ನು ನಿಮ್ಮ ಮುಂದಿಡುತ್ತೇನೆ. ನನಗೆ ಇದರಲ್ಲಿ ತೀರ್ಮಾನಕ್ಕೆ ಬರಲಾಗಲಿಲ್ಲ.

ವಿಲಿಯಮ್ಸ್ ಗೆದ್ದ ಅದೇ 1987ರ ಸೀಸನ್‌ನಲ್ಲಿ ಲೀಗಿನ ಆಟಗಾರರು ಮುಷ್ಕರ ಹೂಡಿದ್ದರು. ತಂಡ ಬದಲಿಸುವ ಸ್ವಾತಂತ್ರ್ಯ ಅವರ ಮುಖ್ಯ ಬೇಡಿಕೆ. ಮಾಲೀಕರು ಒಂದು ವಾರ ಬಿಟ್ಟು ಹೊರಗಿನಿಂದ ಬದಲಿ ಆಟಗಾರರನ್ನು ತಂದು ಮೂರು ವಾರ ಪಂದ್ಯ ನಡೆಸಿದರು. ಬೇರೆ ತಂಡಗಳಲ್ಲಿ ಹಲವರು ಮುಷ್ಕರ ಮುರಿದು ಒಳಗೆ ಹೋದರು. ವಾಷಿಂಗ್ಟನ್ ತಂಡದ ಖಾಯಂ ಆಟಗಾರರು ಒಬ್ಬರೂ ಹೋಗಲಿಲ್ಲ. ಕರಿಯರು, ಬಿಳಿಯರು, ವಿಲಿಯಮ್ಸ್, 'ಹಂದಿಗಳು', ಎಲ್ಲರೂ ಹೊರಗೆ ನಿಂತರು. ಅವರ ಅಂಗಿ ತೊಟ್ಟು ಆಡಿದ ಬದಲಿಗಳು ಮೂರಕ್ಕೆ ಮೂರೂ ಪಂದ್ಯ ಗೆದ್ದರು. ಕೊನೆಯದು ಡಲ್ಲಾಸ್ ವಿರುದ್ಧ. ಆ ತಂಡದಲ್ಲಿ ಮುಷ್ಕರ ಮುರಿದು ಬಂದ ದೊಡ್ಡ ಆಟಗಾರರೇ ಇದ್ದರು. ಆದರೂ 13-7. ಮುಷ್ಕರ ಮುಗಿಯಿತು, ಬದಲಿಗಳನ್ನು ಮನೆಗೆ ಕಳಿಸಿದರು. ಆ ವರ್ಷ ವಾಷಿಂಗ್ಟನ್ ಒಟ್ಟು 11 ಗೆದ್ದು 4 ಸೋತು ಪ್ಲೇಆಫ್‌ಗೆ ಹೋಯಿತು. ಆ 11ರಲ್ಲಿ 3 ಬದಲಿಗಳದ್ದು. ಸೂಪರ್ ಬೌಲ್ ಗೆದ್ದ ತಂಡದವರಿಗೆಲ್ಲ ಕೊಡುವ ಉಂಗುರ ಅವರಿಗೆ ಸಿಗಲಿಲ್ಲ. 2018ರಲ್ಲಿ, 30 ವರ್ಷದ ನಂತರ, ಅವರನ್ನು ಕರೆದು ಉಂಗುರ ಕೊಟ್ಟರು.

ನನ್ನ ಮನಸ್ಸು ಮುಷ್ಕರದಲ್ಲಿ ನಿಂತವರ ಕಡೆಗಿದೆ. ಇನ್ನೊಬ್ಬನ ಹೋರಾಟದ ಜಾಗದಲ್ಲಿ ಹೋಗಿ ಕೂರುವುದು ಸಣ್ಣ ವಿಷಯವಲ್ಲ. ಆದರೆ ಆ ಬದಲಿಗಳಲ್ಲಿ ಬಹುತೇಕರು ಲೀಗಿನ ಬಾಗಿಲಿಗೆ ಬಂದು ವಾಪಸಾದವರು, ಮತ್ತೆ ಅವಕಾಶ ಸಿಗದು ಎಂದು ಗೊತ್ತಿದ್ದವರು. ಅವರು ಗೆದ್ದದ್ದು ಗೆದ್ದದ್ದೇ.

ಉಂಗುರ ಕೊಡಬೇಕಿತ್ತೇ, ಬೇಡವಿತ್ತೇ? ಟೆಕ್ಸಾಸಿನ ತಮ್ಮನೂ ಸೇರಿ ಎಲ್ಲರೂ ಯೋಚಿಸಿಕೊಂಡು ಬನ್ನಿ. ಭಾನುವಾರ ಹತ್ತು ಗಂಟೆಗೆ ಮಾತಾಡೋಣ.

ಜೈ ಭೀಮ್.